ತಾಳಮದ್ದಳೆಯಲ್ಲಿ ಭಾಗವತನ ಅಧಿಕಾರ: ಹೊಸಬರನ್ನು ಕುರಿತು ಒಂದು ವಿಮರ್ಶೆ

ತಾಳಮದ್ದಳೆಯನ್ನು ಕುರಿತು ನಮ್ಮಲ್ಲಿ ಬಂದಿರುವ ವಿಮರ್ಶೆಯ ಬಹುಭಾಗವು ಅರ್ಥಧಾರಿಗಳನ್ನೇ ಕುರಿತದ್ದಾಗಿದೆ. ಇಂಥವರ ವಾಲಿ ಹೇಗಿತ್ತು, ಇಂಥವರ ಕೌರವನಿಗೆ ಇಂಥವರ ಕೃಷ್ಣನು ಯಾವ ಉತ್ತರ ಕೊಟ್ಟನು ಎಂಬ ಚರ್ಚೆಗೆ ಕೊರತೆಯಿಲ್ಲ. ಭಾಗವತನ ಪ್ರಸ್ತಾಪ ಬಂದರೂ ಅದು ಅವನ ಕಂಠ, ಶ್ರುತಿ, ರಾಗಗಳ ಮಾತಿಗೆ ಮುಗಿದುಹೋಗುತ್ತದೆ. ಯಕ್ಷಗಾನದ ಪರಂಪರೆಯು ಭಾಗವತನನ್ನು ‘ಮೊದಲ ವೇಷ’ವೆಂದು ಕರೆದಿರುವುದನ್ನು ಎಲ್ಲರೂ ಬಲ್ಲರು, ಆ ಮಾತಿಗೆ ಇಂದು ಉಳಿದಿರುವ ಅರ್ಥವೇನೆಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ಕೂಟವು ಕೆಟ್ಟಾಗ ದೂಷಣೆಯು ಅರ್ಥಧಾರಿಗೆ ಸಲ್ಲುತ್ತದೆ. ಆ ದೂಷಣೆಯ ಅರ್ಧಕ್ಕಿಂತ ಹೆಚ್ಚಿನ ಪಾಲು ಜಾಗಟೆ ಹಿಡಿದವನಿಗೆ ಸೇರಬೇಕಾದುದೆಂದು ನನ್ನ ಅಭಿಪ್ರಾಯ.

ಘಟ್ಟದ ಮೇಲಣ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು. ಪತ್ತನಾಜೆಯೊಡನೆ, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದೆ ದೀಪಾವಳಿಯ ತನಕ ಮಳೆಗಾಲದ ರಾತ್ರಿಗಳಲ್ಲಿ ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತೇ ನಡೆಯುವ ಕಲಾಪವು ತಾಳಮದ್ದಳೆ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಪಾತ್ರ ವಹಿಸಿದವನು ಅದಕ್ಕೆ ಅರ್ಥವನ್ನು ಆಗಿಂದಾಗಲೇ ಕಟ್ಟಿ ಹೇಳುತ್ತಾನೆ. ಪದ್ಯವು ಲಿಖಿತ, ಮಾತು ಅಲಿಖಿತ. ಕಥೆಯ ಅಂತ್ಯವು ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗುವ ದಾರಿಯು ಆ ರಾತ್ರಿ ಯಾರಿಗೂ ಗೊತ್ತಿರುವುದಿಲ್ಲ.

ಸುಳ್ಯ ತಾಲೂಕಿನ ಮರ್ಕಂಜದ ಮನೆಯೊಂದರಲ್ಲಿ ಕಳೆದ ಆಟಿ ತಿಂಗಳಲ್ಲಿ ನಾನು ಕೇಳಿದ ‘ವಾಲಿಮೋಕ್ಷ’ವೇ ಈ ಲೇಖನಕ್ಕೆ ಕಾರಣ. ಅಡಿಕೆಗೆ ಮದ್ದು ಬಿಡುವ ದಿನಗಳು. ಹಗಲಿಡೀ ತೋಟದಲ್ಲಿ ದುಡಿದವರು ರಾತ್ರಿ ಒಂಬತ್ತಕ್ಕೆ ಚಾವಡಿಯಲ್ಲಿ ಸೇರಿದ್ದರು. ಭಾಗವತನು ಇಪ್ಪತ್ತನಾಲ್ಕು ವಯಸ್ಸಿನ ತರುಣ. ಕಂಠ ಚೆನ್ನಾಗಿತ್ತು, ಪದ್ಯಗಳೆಲ್ಲ ಬಾಯಿಪಾಠವಾಗಿದ್ದವು. ವಾಲಿಯ ಅರ್ಥ ಹೇಳಿದವರು ಹಿರಿಯರು, ವಿದ್ವಾಂಸರು. ಅವರ ಪೀಠಿಕೆಯೇ ಮೂವತ್ತೈದು ನಿಮಿಷ ನಡೆಯಿತು. ಅದರಲ್ಲಿ ಸಮುದ್ರಮಥನ ಬಂತು, ದುಂದುಭಿಯ ವಧೆ ಬಂತು, ರಾವಣನನ್ನು ಕಂಕುಳಲ್ಲಿ ಇರುಕಿದ್ದು ಎರಡು ಸಲ ಬಂತು. ಭಾಗವತನು ಜಾಗಟೆಯನ್ನು ಮಡಿಲಲ್ಲಿರಿಸಿ ತಲೆ ತಗ್ಗಿಸಿ ಕುಳಿತಿದ್ದನು. ಹನ್ನೊಂದೂವರೆಯಾಯಿತು, ಹನ್ನೆರಡಕ್ಕೆ ಮಂಗಳವಾಗಬೇಕು. ಆಗ ಅವನು ಗಾಬರಿಯಿಂದ ತಾರೆಯ ಪದ್ಯಗಳನ್ನೆಲ್ಲ ಬಿಟ್ಟು ನೇರವಾಗಿ ರಾಮಬಾಣಕ್ಕೆ ಹಾರಿದನು. ತಾರೆಯ ಅರ್ಥಕ್ಕೆಂದು ಸಿದ್ಧನಾಗಿ ಬಂದಿದ್ದ ಕಾಲೇಜು ಹುಡುಗನು ಒಂದು ಮಾತನ್ನೂ ಆಡದೆ ಎದ್ದುಹೋದನು. ರಾಮನಿಗೆ ದೊರೆತುದು ಹನ್ನೆರಡು ನಿಮಿಷ.

ಚಹದ ಹೊತ್ತಿಗೆ ಎಲ್ಲರೂ ವಾಲಿಯನ್ನು ಹಳಿದರು. ಭಾಗವತನನ್ನು ನಾನು ಕೇಳಿದಾಗ ಅವನೆಂದುದು ಇಷ್ಟೇ: “ಮಾಷ್ಟ್ರೇ, ಅಷ್ಟು ದೊಡ್ಡವರ ಮಾತನ್ನು ನಾನು ಹೇಗೆ ತಡೆಯುವುದು?”

ಆ ರಾತ್ರಿ ನಷ್ಟವಾದುದು ಕಾಲ ಮಾತ್ರವೆಂದು ತಿಳಿದರೆ ತಪ್ಪಾದೀತು. ತಾರೆಯ ಸನ್ನಿವೇಶವು ಈ ಕಥೆಯಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಸುಗ್ರೀವನಿಗೆ ರಾಮನ ಬೆಂಬಲ ದೊರೆತಿದೆಯೆಂದು ಅವಳು ಗಂಡನನ್ನು ಎಚ್ಚರಿಸುತ್ತಾಳೆ. ಧರ್ಮಜ್ಞನಾದ ರಾಮನು ಅಂತಹ ಪಾಪವನ್ನು ಮಾಡಲಾರನೆಂದು ವಾಲಿ ಉತ್ತರಿಸುವುದನ್ನು ವಾಲ್ಮೀಕಿ ರಾಮಾಯಣದಲ್ಲಿಯೇ ಕಾಣುತ್ತೇವೆ. ಬಾಣ ತಾಗಿದ ಮೇಲೆ ಅವನು ರಾಮನನ್ನು ಪ್ರಶ್ನಿಸುವಾಗ ಆ ಪ್ರಶ್ನೆಗೆ ತೂಕ ಬರುವುದು ಈ ನಂಬಿಕೆಯಿಂದ. ನಂಬಿ ಕೆಟ್ಟವನ ಪ್ರಶ್ನೆ ಬೇರೆ, ಸೋತವನ ಪ್ರಶ್ನೆ ಬೇರೆ. ತಾರೆಯನ್ನು ಬಿಟ್ಟುದರಿಂದ ವಾಲಿಯ ಕೊನೆಯ ವಾದದ ಬುಡವೇ ಕತ್ತರಿಸಿಹೋಯಿತು. ಮೂವತ್ತೈದು ನಿಮಿಷ ಮಾತಾಡಿದ ವಿದ್ವಾಂಸರು ತಮ್ಮ ಪಾತ್ರವನ್ನು ತಾವೇ ಬಡವಾಗಿಸಿಕೊಂಡರು. ಆದರೆ ಅದನ್ನು ಅವರು ಕಾಣುವುದು ಸಾಧ್ಯವಿರಲಿಲ್ಲ. ಪ್ರತಿಯೊಬ್ಬ ಅರ್ಥಧಾರಿಯೂ ತನ್ನ ಪಾತ್ರದ ಕಿಂಡಿಯಿಂದಲೇ ಕಥೆಯನ್ನು ನೋಡತಕ್ಕವನು. ಇಡೀ ಕಥೆಯನ್ನು ಕಾಣಬಲ್ಲವನು, ಕಾಣಬೇಕಾದವನು, ಆ ಚಾವಡಿಯಲ್ಲಿ ಭಾಗವತನೊಬ್ಬನೇ.

ಇತಿಹಾಸದ ಅಧ್ಯಾಪಕನಾದ ನಾನು ಇಲ್ಲಿ ಆಧಾರಗಳನ್ನು ಹುಡುಕಬೇಕಷ್ಟೆ. ತಾಳಮದ್ದಳೆಯ ಪ್ರಾಚೀನತೆಗೆ ಬಳ್ಳಾರಿ ಸೀಮೆಯ ಸೋಮಸಮುದ್ರದ 1556ರ ಶಾಸನವನ್ನು ಉದಾಹರಿಸುವುದು ರೂಢಿಯಾಗಿದೆ. ಹೆಸರು ಹಳತೆಂಬುದಕ್ಕೆ ಅದು ಸಾಕ್ಷಿಯೆಂದು ಒಪ್ಪಿದರೂ ಕೂಟವನ್ನು ನಡೆಸಿದ ಕ್ರಮಕ್ಕೆ ಅದರಿಂದ ಬೆಳಕು ದೊರೆಯದು. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಪದ್ಯವನ್ನು ಉಳಿಸಿಕೊಟ್ಟವು. ಯಾವ ಪದ್ಯಕ್ಕೆ ಎಷ್ಟು ಮಾತೆಂಬುದನ್ನು ಓಲೆಯಲ್ಲಿ ಬರೆಯುವ ವಾಡಿಕೆಯಿರಲಿಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವು 1957ರಲ್ಲಿ ಹೊರಬಂದು ಈ ಕಲೆಯ ಅಧ್ಯಯನಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿತು, ಡಾ. ಎಂ. ಪ್ರಭಾಕರ ಜೋಶಿಯವರು ‘ಕೃಷ್ಣಸಂಧಾನ’ದ ಪಠ್ಯದೊಡನೆ ಪ್ರಯೋಗವನ್ನೂ ಸಂಶೋಧನೆಗೆ ಎತ್ತಿಕೊಂಡರು. ಹಾಗಿದ್ದರೂ ನಿರ್ದೇಶನದ ವಿದ್ಯೆಯು ಇಂದಿಗೂ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆಯಾಗಿಯೇ ಉಳಿದಿದೆ. ಕೀರಿಕ್ಕಾಡು ವಿಷ್ಣು ಭಟ್ಟರು ದೇಲಂಪಾಡಿಯ ಬನಾರಿಯಲ್ಲಿ ಕಟ್ಟಿದಂತಹ ಸಂಘಗಳೇ ಅದಕ್ಕೆ ಪಾಠಶಾಲೆ. ಇದೇ ಸುಳ್ಯ ಸೀಮೆಯ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥ (1914–1984) ಅರ್ಥಧಾರಿಗಳು ಇಂತಹ ಹಳ್ಳಿಯ ಕೂಟಗಳ ನಡುವೆ ಬೆಳೆದವರು. ವಾರದ ಕೂಟಗಳು ಈಗ ವಿರಳವಾಗಿವೆ. ಹೊಸ ಭಾಗವತನಿಗೆ ಪದ್ಯಗಳು ಸಂಚಾರವಾಣಿಯಿಂದ ದೊರೆಯುತ್ತವೆ. ನಡೆಸುವ ಕ್ರಮ ದೊರೆಯುವುದಿಲ್ಲ.

ಒಂದು ಪರದೇಶದ ಹೋಲಿಕೆಯನ್ನು ಇಲ್ಲಿ ತರುತ್ತೇನೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವನ್ನು ವಹಿಸಿ ಅದರ ಮಾತನ್ನೂ ನಿರ್ಧಾರಗಳನ್ನೂ ತಾವೇ ಹೇಳುತ್ತಾರೆ. ಗೇಮ್ ಮಾಸ್ಟರ್ ಎಂಬ ಒಬ್ಬನು ಕಥೆಯನ್ನು ನಡೆಸುತ್ತಾನೆ, ಉಳಿದ ಸಣ್ಣಪುಟ್ಟ ಪಾತ್ರಗಳಿಗೆಲ್ಲ ಬಾಯಾಗುತ್ತಾನೆ. ಸೋಲು ಗೆಲವುಗಳನ್ನು ದಾಳಗಳು ನಿರ್ಣಯಿಸುವುದರಿಂದ ಅದು ನಮ್ಮ ಕೂಟಕ್ಕಿಂತ ಭಿನ್ನ. ಆದರೆ 1980ರಲ್ಲಿ ಆ ಆಟದ ಪ್ರಕಾಶಕರು ಆಟಗಾರರ ಸಂಘವನ್ನು ಕಟ್ಟಿದ ಮೇಲೆ, ಒಂದೇ ಕಥಾನಕವನ್ನು ಅನೇಕ ಊರುಗಳ ಅನೇಕ ಮೇಜುಗಳಲ್ಲಿ ಆಡಿಸುವ ಸಂಘಟಿತ ಪದ್ಧತಿಯು ಬೆಳೆಯಿತು. 2000ದಿಂದ 2008ರ ವರೆಗೆ ನಡೆದ ‘ಲಿವಿಂಗ್ ಗ್ರೇಹಾಕ್’ ಅಂಥದೊಂದು. ಒಂದು ಊರಿನಲ್ಲಿ ಆಡಿದವನು ಅದೇ ಪಾತ್ರದೊಡನೆ ಇನ್ನೊಂದು ಊರಿನ ಅಪರಿಚಿತರ ನಡುವೆ ಕುಳಿತು ಆಡಬಲ್ಲನು. ಕುಂಬಳೆಯ ಅರ್ಥಧಾರಿಯು ಪೂರ್ವಾಭ್ಯಾಸವಿಲ್ಲದೆ ಮರ್ಕಂಜದ ಭಾಗವತನೆದುರು ಕುಳಿತು ಅರ್ಥ ಹೇಳುವುದೂ ಹೀಗೆಯೇ. ಎರಡೆಡೆಯಲ್ಲಿಯೂ ಅಪರಿಚಿತರನ್ನು ಒಂದುಗೂಡಿಸುವುದು ಸಾಮಾನ್ಯವಾದ ಪಠ್ಯ. ಆ ಪಠ್ಯದ ಕಾವಲುಗಾರನು ನಡೆಸುವವನು. ಒಬ್ಬ ಮಾತುಗಾರನು ಮೇಜನ್ನೆಲ್ಲ ಆಕ್ರಮಿಸಿ ಮಿಕ್ಕವರು ಮೂಕರಾಗುವ ತೊಂದರೆಯು ಅಲ್ಲಿಯೂ ಉಂಟು. ಮರ್ಕಂಜದ ತಾರೆಯ ಕಥೆಯನ್ನು ಹೇಳಿದರೆ ಅವರಿಗೆ ಅರ್ಥವಾಗದಿರದು.

ಆದುದರಿಂದ ಹೊಸ ಭಾಗವತನು ಮೊದಲು ಕಲಿಯಬೇಕಾದುದು ರಾಗವಲ್ಲ, ಬಿಡುವುದನ್ನು. ಪ್ರಸಂಗದ ಎಲ್ಲ ಪದ್ಯಗಳನ್ನು ಮೂರು ಗಂಟೆಯ ಕೂಟದಲ್ಲಿ ಹಾಡಲಾಗದು. ಯಾವುದನ್ನು ಬಿಡಬೇಕೆಂಬುದನ್ನು ಹಗಲಿನಲ್ಲಿ, ಪುಸ್ತಕವನ್ನು ಮುಂದಿಟ್ಟುಕೊಂಡು, ನಿಶ್ಚಯಿಸಬೇಕೇ ಹೊರತು ಹನ್ನೊಂದೂವರೆಯ ಗಾಬರಿಯಲ್ಲಿ ಅಲ್ಲ. ಹಾಗೆ ನಿಶ್ಚಯಿಸುವಾಗ ಪಾತ್ರದ ದೊಡ್ಡಸ್ತಿಕೆಯನ್ನಾಗಲಿ ಅರ್ಥಧಾರಿಯ ಹೆಸರನ್ನಾಗಲಿ ನೋಡದೆ, ಈ ಪದ್ಯ ಬಿದ್ದರೆ ಮುಂದಿನ ಯಾವ ವಾದ ಬೀಳುತ್ತದೆ ಎಂದು ಕೇಳಿಕೊಳ್ಳಬೇಕು. ‘ಕೃಷ್ಣಸಂಧಾನ’ದಲ್ಲಿ ವಿದುರನನ್ನು ಮೊಟಕು ಮಾಡುವವರು ಈ ಪ್ರಶ್ನೆಯನ್ನು ಕೇಳಿಕೊಂಡವರಲ್ಲ. ‘ಶರಸೇತು ಬಂಧನ’ದಲ್ಲಿ ಅರ್ಜುನ ಹನುಮಂತರ ಪಂಥವು ಸೊಗಸೇರಿದೆಯೆಂದು ಬ್ರಾಹ್ಮಣನ ಪ್ರವೇಶವನ್ನು ಮುಂದೂಡುತ್ತ ಹೋದರೆ ಬಂದವನು ತೀರ್ಪು ಕೊಡಲು ಸಭೆಯೇ ಎಚ್ಚರವಾಗಿರುವುದಿಲ್ಲ. ಹೀಗೆ ಆರಿಸಿದ ಪದ್ಯಗಳ ಪಟ್ಟಿಯನ್ನು ಕೂಟಕ್ಕೆ ಮೊದಲು ಅರ್ಥಧಾರಿಗಳಿಗೆ ತಿಳಿಸುವುದು ಮರ್ಯಾದೆಯೂ ಹೌದು, ಉಪಾಯವೂ ಹೌದು. ತಿಳಿಸಿದ ಮೇಲೆ ಮೀರಿದವನಿಗೆ ನೆಪ ಉಳಿಯುವುದಿಲ್ಲ.

ಇನ್ನು ತಡೆಯುವ ಪ್ರಶ್ನೆ. ಆ ತರುಣನಿಗೆ ನಾನು ಕೊಟ್ಟ ಉತ್ತರವೆಂದರೆ, ಮಾತನ್ನು ಮಾತಿನಿಂದ ತಡೆಯಬೇಕಾಗಿಲ್ಲ ಎಂಬುದು. ಪರಂಪರೆಯು ಭಾಗವತನಿಗೆ ಅದಕ್ಕಿಂತ ನಯವಾದ ಸಾಧನಗಳನ್ನು ಕೊಟ್ಟಿದೆ. ಅರ್ಥದ ನಡುವೆ ಭಾಗವತನು ಹಾಕುವ ‘ಹೂಂ’ ಎಂಬ ಅನುಮೋದನೆಯು ಬರಿಯ ಉಪಚಾರವಲ್ಲ. ಅದು ನಿಂತರೆ ಅನುಭವಿಯಾದ ಅರ್ಥಧಾರಿಗೆ ಅರಿವಾಗುತ್ತದೆ. ದೂತನಾಗಿ, ಸಾರಥಿಯಾಗಿ, ಒಂದೇ ಪ್ರಶ್ನೆಯಿಂದ ಅಲೆದಾಡುತ್ತಿರುವ ಮಾತನ್ನು ಪದ್ಯದ ಕಡೆಗೆ ತಿರುಗಿಸಬಹುದು: “ಒಡೆಯಾ, ಹೊರಗೆ ಸುಗ್ರೀವನ ಗರ್ಜನೆ ಕೇಳಿಸುತ್ತಿದೆಯಲ್ಲ?” ಇಷ್ಟರಿಂದಲೂ ಆಗದಿದ್ದರೆ, ವಾಕ್ಯವೊಂದು ಚಪ್ಪಾಳೆಗೆ ತಕ್ಕಂತೆ ಮುಗಿದ ಕ್ಷಣದಲ್ಲಿ ಮುಂದಿನ ಪದ್ಯವನ್ನು ಎತ್ತಬೇಕು. ವಾಕ್ಯದ ನಡುವೆ ಎತ್ತಿದರೆ ಅವಮಾನ, ತುದಿಯಲ್ಲಿ ಎತ್ತಿದರೆ ಸನ್ಮಾನ. ಆ ತುದಿಯನ್ನು ಗುರುತಿಸಲು ಭಾಗವತನು ಅರ್ಥವನ್ನು ಮನಗೊಟ್ಟು ಕೇಳುತ್ತಿರಬೇಕಾಗುತ್ತದೆ. ತಲೆ ತಗ್ಗಿಸಿ ಕುಳಿತವನಿಗೆ ಅದು ಸಿಕ್ಕುವುದಿಲ್ಲ.

ಪ್ರಸಂಗದ ಹೊರಗಿನ ಚುನಾವಣೆಯನ್ನೋ ಎದುರಾಳಿಯ ಮನೆಯ ವಿಚಾರವನ್ನೋ ವಾದಕ್ಕೆ ತರುವವರ ವಿಷಯದಲ್ಲಿ ಮಾತ್ರ ಈ ನಯವೂ ಬೇಡ. ಅಲ್ಲಿ ಜಾಗಟೆಯೇ ಉತ್ತರ.

ಧ್ವನಿಸುರುಳಿಗಳ ಪ್ರಭಾವವನ್ನೂ ಇಲ್ಲಿ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆ ರಾಮದಾಸ ಸಾಮಗರು ಎದುರುಬದುರಾಗಿ ಕುಳಿತ ಕೂಟಗಳನ್ನು ಧ್ವನಿಸುರುಳಿಯಲ್ಲಿ ಕೇಳಿ ಬೆಳೆದ ತಲೆಮಾರು ನಮ್ಮದು. ಅವರ ಮಾತಿನ ಉದ್ದವನ್ನು ಅನುಕರಿಸಿದವರು ಅನೇಕರು. ಆ ಉದ್ದವು ಸಹ್ಯವಾದುದು ಅದರೊಳಗಿನ ತರ್ಕದ ಬಿಗಿಯಿಂದ ಎಂಬುದನ್ನು ಕಂಡವರು ಕೆಲವರು. ಕೇಳುವವನು ಮಾತಿಗಾಗಿ ಕಿವಿ ನೆಟ್ಟಿದ್ದುದರಿಂದ ಭಾಗವತನು ಮಾಡಿದ ಕೆಲಸವು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಭಾಗವತನಿಗೆ ಇಷ್ಟು ಅಧಿಕಾರ ಕೊಟ್ಟರೆ ಕೂಟವು ಅವನ ಇಚ್ಛೆಗೆ ಗುಲಾಮವಾಗದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪವು ನ್ಯಾಯವಾದುದೇ. ತನ್ನ ಗಾಯನದ ಹುಚ್ಚಿನಿಂದ ಒಂದೇ ಪದ್ಯವನ್ನು ಹತ್ತು ನಿಮಿಷ ಎಳೆಯುವ ಭಾಗವತರನ್ನು ನಾನೂ ಕಂಡಿದ್ದೇನೆ. ಅವರು ವಾಲಿಯ ಪೀಠಿಕೆಗಿಂತ ಹೆಚ್ಚಿನ ಹಾನಿ ಮಾಡುತ್ತಾರೆ. ಅರ್ಥಧಾರಿಯು ಹೊಸದೊಂದು ವಾದವನ್ನು ಹಿಡಿದಾಗ, ಪಟ್ಟಿಯಲ್ಲಿ ಇಲ್ಲವೆಂದು ಅದನ್ನು ಮುರಿಯುವ ಭಾಗವತನೂ ಅಧಿಕಾರವನ್ನು ತಪ್ಪು ತಿಳಿದವನೇ. ಅಂತಹ ಗಳಿಗೆಯಲ್ಲಿ ಪಟ್ಟಿಯೇ ಬದಲಾಗಬೇಕು. ಕಾಲವನ್ನು ಉಳಿತಾಯ ಮಾಡುವುದು ಇಂತಹ ಗಳಿಗೆಗಾಗಿಯೇ ಅಲ್ಲವೆ?

ಸೋಣ ತಿಂಗಳಲ್ಲಿ ಅದೇ ಚಾವಡಿಯಲ್ಲಿ ಅದೇ ಪ್ರಸಂಗವನ್ನು ಮತ್ತೆ ಇಟ್ಟುಕೊಂಡರು. ವಾಲಿ ಅದೇ ಹಿರಿಯರು. ಪೀಠಿಕೆಯು ಹದಿನೆಂಟನೆಯ ನಿಮಿಷದಲ್ಲಿ ದುಂದುಭಿಯ ಎಲುಬಿನ ರಾಶಿಯ ಬಳಿ ಬಂದು ವಾಕ್ಯವೊಂದು ಭರ್ಜರಿಯಾಗಿ ಮುಗಿದಾಗ ಜಾಗಟೆ ಬಡಿಯಿತು. ಹಿರಿಯರು ಒಮ್ಮೆ ತಿರುಗಿ ನೋಡಿದರು, ನಕ್ಕರು, ಎಲೆಯಡಿಕೆಗೆ ಕೈ ಹಾಕಿದರು. ತಾರೆಗೆ ಮೂರು ಪದ್ಯಗಳು ದೊರೆತವು. ಹುಡುಗನು ಮೊದಲನೆಯದರಲ್ಲಿ ತಡವರಿಸಿದನು. ಮೂರನೆಯದರಲ್ಲಿ, “ನೀವು ನಂಬುವ ರಾಮನನ್ನು ನಾನೂ ನಂಬಬೇಕೆಂದಿದ್ದರೆ ಅವನು ಸುಗ್ರೀವನ ಹಿಂದೆ ಏಕೆ ನಿಂತಿದ್ದಾನೆ?” ಎಂದು ಕೇಳಿದನು. ಆ ಹಿರಿಯರು ಉತ್ತರ ಹೇಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದರು. ಭಾಗವತನು ಪದ್ಯವನ್ನು ಎತ್ತಲಿಲ್ಲ.