ಶಿಕ್ಷಣ ನೀತಿಯೂ ಹೆಡ್‌ಮಾಸ್ಟರ ಮೊಬೈಲೂ

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಬಗ್ಗೆ ನಾವು ಜಗಳ ಆಡಿದ್ದೆಲ್ಲ ಭಾಷೆ, ಸಿಲಬಸ್, ನಾಲ್ಕು ವರ್ಷದ ಡಿಗ್ರಿ ಕುರಿತು. ಅದರಲ್ಲಿ ಯಾರೂ ತಕರಾರು ಎತ್ತದ ಒಂದು ಮಾತಿದೆ: ಪಾಠಕ್ಕೆ ನೇರ ಸಂಬಂಧವಿಲ್ಲದ ಕೆಲಸವನ್ನು ಶಿಕ್ಷಕರ ತಲೆಗೆ ಕಟ್ಟಬಾರದು. ಎಲ್ಲರೂ ಒಪ್ಪಿದ್ದಕ್ಕೇ ಇರಬೇಕು, ಅದನ್ನು ಜಾರಿ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ನಮ್ಮೂರಿನಂಥ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಗುಮಾಸ್ತ ಇರೋದಿಲ್ಲ. ಹೆಡ್‌ಮಾಸ್ಟ್ರೇ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕಾನೂ ಬರೀಬೇಕು. ಮಕ್ಕಳ ವಿವರ ರಾಜ್ಯದ ಸ್ಯಾಟ್ಸ್‌ನಲ್ಲೂ ಇರಬೇಕು, ಕೇಂದ್ರದ ಯುಡೈಸ್ ಪ್ಲಸ್‌ನಲ್ಲೂ ಇರಬೇಕು. ಈಗ ಅದರ ಜೊತೆಗೆ 12 ಅಂಕಿಯ ಅಪಾರ್ ಐಡಿ, ಅದಕ್ಕೆ ಪೋಷಕರ ಒಪ್ಪಿಗೆ ಪತ್ರ. ಆಧಾರ್‌ನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಗೂ ತಾಳೆಯಾಗದಿದ್ದರೆ ಐಡಿ ಹುಟ್ಟೋದಿಲ್ಲ. ಮಂಜುನಾಥನ ಸ್ಪೆಲಿಂಗಿನಲ್ಲಿ ಒಂದು 'ಎಚ್' ಹೆಚ್ಚಾದರೆ ಸಾಕು, ಅವನಪ್ಪ ಕೂಲಿ ಬಿಟ್ಟು ತಿದ್ದುಪಡಿಗೆ ಅಲೀಬೇಕು.

ನಲಿ-ಕಲಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಮೇಷ್ಟ್ರು ಮಕ್ಕಳ ಮಧ್ಯೆ ಇದ್ದರಷ್ಟೇ ಆ ಪದ್ಧತಿ ನಡೆಯೋದು. ಅವರು ನೆಟ್‌ವರ್ಕ್ ಹುಡುಕಿಕೊಂಡು ಜಗಲಿಗೆ ಬಂದರೆ ಮೂರು ಕ್ಲಾಸಿನ ಪಾಠ ಒಟ್ಟಿಗೇ ನಿಲ್ಲುತ್ತೆ.

ಹೆಡ್‌ಮಾಸ್ಟರನ್ನು ಬೈಯೋದು ಸುಲಭ. ಆದರೆ ಮೂರನೇ ಕ್ಲಾಸಿನ ಹುಡುಗಿಗೆ ಒಂದು ಪ್ಯಾರಾ ಓದೋಕೆ ಬರದಿದ್ದರೆ ಅವತ್ತೇ ಯಾರೂ ಫೋನ್ ಮಾಡಲ್ಲ. ಎಂಟ್ರಿ ಬಾಕಿ ಉಳಿದರೆ ಮಾತ್ರ ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಶಾಲೆಯ ಹೆಸರು ಬರುತ್ತೆ. ಸಿಆರ್‌ಪಿಗೆ ಬಿಇಒ ಕೇಳ್ತಾರೆ, ಬಿಇಒಗೆ ಡಿಡಿಪಿಐ ಕೇಳ್ತಾರೆ. ಎಲ್ಲರೂ ಕೇಳೋದು ಪರ್ಸೆಂಟೇಜ್. ಯಾವುದನ್ನು ಕೇಳ್ತಾರೋ ಅದೇ ಕೆಲಸ ಮೊದಲು ಆಗುತ್ತೆ.

ನಾನು ಸಾಫ್ಟ್‌ವೇರ್ ಬರೆಯೋನು, ಡೇಟಾ ಬೇಡ ಅನ್ನಲ್ಲ. ವಲಸೆ ಹೋದ ಮಗು ಬೇರೆ ಊರಲ್ಲಿ ಶಾಲೆ ಸೇರಿತಾ ಅಂತ ತಿಳಿಯೋಕೆ ಅದು ಬೇಕೇ ಬೇಕು. ಆದರೆ ನಮ್ಮ ಕಂಪನಿಗಳಲ್ಲಿ ಫಾರ್ಮಿಗೆ ಒಂದು ಕಾಲಂ ಸೇರಿಸುವ ಮುಂಚೆ ಹತ್ತು ಸಲ ಯೋಚಿಸ್ತೀವಿ, ಬೇಜಾರಾದರೆ ಗ್ರಾಹಕ ಎದ್ದು ಹೋಗ್ತಾನಲ್ಲ! ಹೆಡ್‌ಮಾಸ್ಟ್ರು ಎದ್ದು ಹೋಗುವ ಹಾಗಿಲ್ಲ. ಹಾಗಾಗಿ ಅವರ ಸಮಯಕ್ಕೆ ಯಾರೂ ಬೆಲೆ ಕಟ್ಟಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್, ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತೆ. ಎಂಟ್ರಿಯೂ 'ಶಾಲೆಯದೇ ಕೆಲಸ' ಅಂದುಬಿಟ್ಟರೆ ಕಾಯ್ದೆಯ ಕಣ್ಣಿಗೂ ಬೀಳೋದಿಲ್ಲ.

ಬೇಕಾಗಿರೋದು ದೊಡ್ಡದೇನಲ್ಲ. ಒಂದು ಪೋರ್ಟಲ್‌ಗೆ ಕೊಟ್ಟ ವಿವರವನ್ನು ಇನ್ನೊಂದು ತಾನೇ ತಗೊಳ್ಳಲಿ. ಕ್ಲಸ್ಟರಿಗೊಬ್ಬ ಡೇಟಾ ಎಂಟ್ರಿ ಆಪರೇಟರ್ ಇರಲಿ. ಪಾಠದ ಹೊತ್ತಿನಲ್ಲಿ 'ತುರ್ತು' ಮೆಸೇಜ್ ಬೇಡ.

ಕರ್ನಾಟಕ ಸರ್ಕಾರ ಕೇಂದ್ರದ ನೀತಿ ಬೇಡವೆಂದು ತನ್ನದೇ ನೀತಿಗೆ ಆಯೋಗ ರಚಿಸಿತು. ದೆಹಲಿಯದಾಗಲಿ, ಬೆಂಗಳೂರಿನದಾಗಲಿ, ಯಾವ ನೀತಿಯಾದರೂ ಹಳ್ಳಿ ಶಾಲೆಗೆ ಇಳಿಯೋದು ಆ ಒಬ್ಬ ಹೆಡ್‌ಮಾಸ್ಟರ ಕೈಯಿಂದಲೇ. ಆ ಕೈಯಲ್ಲಿ ಸೀಮೆಸುಣ್ಣ ಹಿಡಿಯೋಕೆ ಪುರುಸೊತ್ತು ಉಳಿದಿದೆಯಾ ಅಂತ ಮೊದಲು ನೋಡಲಿ.