ಊರು ಬಿಟ್ಟವರು ಮಾಡಿದ ಊರಿನ ಸಿನಿಮಾ

ಪುಣೆಗೆ ಕನ್ನಡ ಸಿನಿಮಾ ಬಂತೆಂದರೆ ನಾವು ಹೋಗುವುದು ಸಿನಿಮಾ ನೋಡುವುದಕ್ಕಿಂತ ಹೆಚ್ಚಾಗಿ ಕನ್ನಡ ಕೇಳಿಸಿಕೊಳ್ಳುವುದಕ್ಕೆ. ಎರಡೂವರೆ ಗಂಟೆ ಕತ್ತಲಲ್ಲಿ ಕೂತು ನಮ್ಮ ಮಾತು, ನಮ್ಮ ಬೈಗುಳ, ನಮ್ಮ ಕಡೆಯ ಮನೆಯಂಗಳ ನೋಡಿಕೊಂಡು ಬಂದರೆ ಮನಸ್ಸಿಗೆ ಹಿತ. ಸಿನಿಮಾ ಹೇಗಿತ್ತು ಅಂತ ಯಾರಾದರೂ ಕೇಳಿದರೆ, ‘ಊರಿಗೆ ಹೋಗಿ ಬಂದ ಹಾಗಾಯ್ತು’ ಅನ್ನುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಿನಿಮಾ ಅಂದರೆ ಇಷ್ಟೇನಾ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’.

ಇದು ಮಲೆನಾಡಿನ ಅಗ್ರಹಾರದ ಕತೆ, ಯು. ಆರ್. ಅನಂತಮೂರ್ತಿಯವರದು. ಮಳೆ, ಕಾಡು, ದೀಪದ ಬೆಳಕು, ಎಲ್ಲಾ ಅಲ್ಲಿಯದೇ. ಆದರೆ ಇದನ್ನು ಮಾಡಿದವರು ಯಾರು ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಹುಡುಗ ಕಾಸರವಳ್ಳಿ ಫಾರ್ಮಸಿ ಓದಿ, ಆಮೇಲೆ ಸಿನಿಮಾ ಕಲಿಯಲು ಬಂದದ್ದು ಪುಣೆಯ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ. ಹಳೇ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಶುರುವಾದ ಸಂಸ್ಥೆ ಅದು. ನಿರ್ಮಾಪಕ ಸದಾನಂದ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದವರು. ಅಂದರೆ ನಾವು ಅಪ್ಪಟ ಮಲೆನಾಡಿನದು ಅನ್ನುವ ಈ ಚಿತ್ರದ ಹಿಂದೆ ಊರು ಬಿಟ್ಟು ಹೋದವರ ಕಣ್ಣೂ ಇದೆ, ದುಡಿಮೆಯೂ ಇದೆ.

ಕತೆಯೊಳಗೂ ಒಬ್ಬ ಊರು ಬಿಟ್ಟವನಿದ್ದಾನೆ. ಉಡುಪರ ವೇದಪಾಠಶಾಲೆಗೆ ಓದಲು ಬಂದ ಪುಟ್ಟ ಹುಡುಗ ನಾಣಿ. ಮನೆ ನೆನಪಾಗಿ ಕಂಗಾಲಾದ ಅವನನ್ನು ಹಚ್ಚಿಕೊಳ್ಳುವವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಗರ್ಭಿಣಿಯಾಗುತ್ತಾಳೆ. ಊರಿಗೆ ಗೊತ್ತಾಗುತ್ತದೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅದೇ ಅಪ್ಪ ತಾನು ಮಗಳ ವಯಸ್ಸಿನ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ನಾಣಿಯನ್ನು ಅವನ ತಂದೆ ಬಂದು ಮನೆಗೆ ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿದ ಯಮುನಕ್ಕ ಮರದ ಬುಡದಲ್ಲಿ ಕೂತಿರುತ್ತಾಳೆ. ಹುಡುಗನಿಗೆ ಮನೆ ಸಿಕ್ಕಿತು. ಅವನಿಗೆ ಮನೆಯಂತಿದ್ದವಳಿಗೆ ಮನೆ ಇಲ್ಲ.

ಪರಸ್ಥಳದಲ್ಲಿರುವವನಿಗೆ ಊರು ನೆನಪಿನಲ್ಲಿ ವರ್ಷವರ್ಷ ಸಿಹಿಯಾಗುತ್ತಾ ಹೋಗುತ್ತದೆ. ಈ ಸಿನಿಮಾ ಆ ಸಿಹಿಗೆ ಒಪ್ಪುವುದಿಲ್ಲ. ಹೌದು, ಇದು ನಿನ್ನ ಊರೇ, ಆದರೆ ಈ ಊರು ಹೊರಗೆ ಹಾಕಿದ್ದು ಯಾರನ್ನು ಹೇಳು ಅನ್ನುತ್ತದೆ. ನಾವು ಕೆಲಸಕ್ಕೆ ಅಂತ ಊರು ಬಿಟ್ಟವರು. ಬೇಕಾದಾಗ ರಾತ್ರಿ ಬಸ್ಸು ಹತ್ತಿ ಹೋಗುತ್ತೇವೆ. ಯಮುನಕ್ಕನಿಗೆ ಆ ಬಸ್ಸಿಲ್ಲ.

ನೋಡುವುದು ಅಂದರೇನು ಅನ್ನೋದನ್ನೂ ನಾಣಿ ತೋರಿಸುತ್ತಾನೆ. ಯಮುನಕ್ಕ ಸಾಯಲೆಂದು ಹುತ್ತಕ್ಕೆ ಕೈ ಹಾಕಿದಾಗಲೂ ಅವನಿದ್ದಾನೆ. ಎಲ್ಲ ನೋಡುತ್ತಾನೆ, ಪೂರ್ತಿ ತಿಳಿಯುವುದಿಲ್ಲ, ತಡೆಯಲಾರ. ಥಿಯೇಟರಿನಲ್ಲಿ ಕೂತ ನಮ್ಮ ಸ್ಥಿತಿಯೂ ಅದೇ. ಹೀಗೆ ಹುಡುಗನ ಕಣ್ಣಿಗೇ ಕಟ್ಟುಬಿದ್ದದ್ದರಿಂದ ಯಮುನಕ್ಕನ ಮನಸ್ಸಿನ ಒಳಗಿನದು ನಮಗೆ ಅರ್ಧವೇ ಸಿಗುತ್ತದೆ. ಅವಳ ಆಸೆಗೆ ಒಂದಿಷ್ಟು ಮಾತಾದರೂ ಇರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಚಿತ್ರಕ್ಕೆ ಸ್ವರ್ಣಕಮಲ ಬಂತು, ಬಿ. ವಿ. ಕಾರಂತರ ಸಂಗೀತಕ್ಕೂ ನಾಣಿಯಾದ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಅದನ್ನು ‘ಅವಾರ್ಡ್ ಪಿಚ್ಚರ್’ ಅಂತ ಕರೆದು ನಾವು ಅಟ್ಟದ ಮೇಲಿಟ್ಟೆವು.

ಇಂಥ ಸಿನಿಮಾ ಸಾಮಾನ್ಯರಿಗೆ ಹಿಡಿಸೋದಿಲ್ಲ ಅನ್ನುವವರು ಹೆಗ್ಗೋಡನ್ನು ನೆನೆಯಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು 1964ರಲ್ಲಿ; ಅದನ್ನು ಕಟ್ಟಿದವರು ಪಿ. ಕೆ. ನಾಯರ್. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅವರೂ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರರೂ ಕೆ. ವಿ. ಸುಬ್ಬಣ್ಣನವರ ನೀನಾಸಮ್‌ಗೆ ಬೆಂಬಲವಾಗಿ ನಿಂತರು. ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಅಡಿಕೆ ಬೆಳೆಯುವ ಊರಿನ ಜನ ಕೂತು ನೋಡಿದರು. 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳ ಬಗ್ಗೆ ಮಾತಾಡುವುದನ್ನು ಕೇಳಬಹುದು. ಅವರಿಗೆ ಸಿನಿಮಾ ದೂರದ ಬಂಗಾಳವನ್ನು ಹತ್ತಿರ ತಂದಿತು. ‘ಘಟಶ್ರಾದ್ಧ’ ನನಗೆ ಹತ್ತಿರದ ಊರನ್ನು ಸ್ವಲ್ಪ ದೂರ ಇಟ್ಟು ತೋರಿಸಿತು. ಎರಡೂ ಬೇಕು.

ಆದರೆ ನೋಡಬೇಕಾದರೆ ಸಿನಿಮಾ ಉಳಿದಿರಬೇಕಲ್ಲ! ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ ತಯಾರಾದದ್ದೂ ಹೊರನಾಡಿನಲ್ಲೇ, ಕೊಲ್ಹಾಪುರದ ಸ್ಟುಡಿಯೋದಲ್ಲಿ. ಅದರ ಪ್ರತಿ ಇವತ್ತು ಉಳಿದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲೇ ಬೆಂಕಿ ಬಿದ್ದು ಎಷ್ಟೋ ಹಳೆಯ ನೈಟ್ರೇಟ್ ರೀಲುಗಳು ಸುಟ್ಟುಹೋದವು. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಮಾತ್ರ ಪುಣೆಯ ಭಂಡಾರದಲ್ಲಿ ಉಳಿದಿತ್ತು. ಅದರಿಂದಲೇ ಚಿತ್ರವನ್ನು ಮತ್ತೆ ಹಸನು ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಸುವರ್ಣರು ಅದೇ ವರ್ಷ ಜುಲೈನಲ್ಲಿ ತೀರಿಕೊಂಡಿದ್ದರು.

ಈ ಹೊಸ ಪ್ರತಿ ನಿಮ್ಮ ಊರಿನ ಕಡೆ ಬಂದರೆ ದಯವಿಟ್ಟು ಹೋಗಿ ನೋಡಿ. ಊರಿನಲ್ಲೇ ಇರುವ ನೀವು ಯಮುನಕ್ಕನನ್ನು ಹೇಗೆ ನೋಡುತ್ತೀರಿ ಅನ್ನುವ ಕುತೂಹಲ ನನಗಿದೆ. ಅವಳು ಕೂತ ಮರದ ಪಕ್ಕದಲ್ಲೇ ನಿಮ್ಮ ದಾರಿ.