ರಕ್ತದಾನದ ಜಮಾ-ಖರ್ಚು: ಒಂದು ವಿಮರ್ಶೆ

ಮಹಾವೀರ ಜಯಂತಿ, ಪರ್ಯುಷಣ ಪರ್ವ, ಸಂಘದ ವಾರ್ಷಿಕೋತ್ಸವ ಮೊದಲಾದ ಶುಭ ಸಂದರ್ಭಗಳಲ್ಲಿ ರಕ್ತದಾನ ಶಿಬಿರವನ್ನು ಏರ್ಪಡಿಸುವುದು ನಮ್ಮ ಸಮಾಜದಲ್ಲಿ ಒಂದು ರೂಢಿಯಾಗಿ ನೆಲೆಗೊಂಡಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಪಟ್ಟಣಗಳಲ್ಲಿ ಜೈನ ಮನೆಗಳು ಹೆಚ್ಚಿಲ್ಲವಾದರೂ ಶಿಬಿರದ ಉತ್ಸಾಹಕ್ಕೆ ಕೊರತೆಯಿಲ್ಲ. ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಭಾವಚಿತ್ರ ಸಹಿತ ವಾರ್ತೆ ಬರುತ್ತದೆ: ಇಷ್ಟು ಯೂನಿಟ್ ರಕ್ತ ಸಂಗ್ರಹವಾಯಿತು, ಇಂತಹ ಗಣ್ಯರು ಉಪಸ್ಥಿತರಿದ್ದರು. ಆ ರಕ್ತ ಅನಂತರ ಎಲ್ಲಿಗೆ ಹೋಯಿತು, ಎಷ್ಟು ಬಳಕೆಯಾಯಿತು, ಎಷ್ಟು ಅವಧಿ ಮೀರಿ ನಾಶವಾಯಿತು ಎಂಬ ವಾರ್ತೆಯನ್ನು ಮಾತ್ರ ನಾನು ಇದುವರೆಗೆ ಓದಿಲ್ಲ. ಜಮಾ ಬರೆದು ಖರ್ಚು ಬರೆಯದ ಖಾತೆಯನ್ನು ನಮ್ಮ ಅಂಗಡಿಗಳಲ್ಲಿ ನಾವೇ ಒಪ್ಪುವುದಿಲ್ಲ. ಹಾಗಿರುವಾಗ ದಾನದ ವಿಷಯದಲ್ಲಿ ಏಕೆ ಒಪ್ಪಬೇಕು?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಲಕ್ಷಣವನ್ನು ಹೇಳಿ, ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವವನು ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿಯೂ ವಿಶೇಷ ಉಂಟಾಗುತ್ತದೆಂದು ತಿಳಿಸಿದ್ದಾರೆ. ನಾವು ದಾತೃವನ್ನು ಸನ್ಮಾನಿಸುತ್ತೇವೆ, ದ್ರವ್ಯವನ್ನು ಎಣಿಸುತ್ತೇವೆ. ವಿಧಿ ಮತ್ತು ಪಾತ್ರ ಇವೆರಡರ ವಿಚಾರ ನಮ್ಮ ಕಾರ್ಯಕಾರಿ ಸಮಿತಿಗಳ ಸಭೆಯಲ್ಲಿ ಬರುವುದೇ ಅಪರೂಪ.

ಈ ದೋಷ ನಮ್ಮೊಬ್ಬರದೇ ಅಲ್ಲ. ಇಡೀ ದೇಶದ ಲೆಕ್ಕವೂ ಬಹುಕಾಲ ಹೀಗೆಯೇ ಇತ್ತು. ಕೇಂದ್ರ ಸರ್ಕಾರದ ಕೋರಿಕೆಯ ಮೇರೆಗೆ ಎ.ಎಫ್. ಫರ್ಗುಸನ್ ಎಂಬ ಲೆಕ್ಕಪರಿಶೋಧಕ ಸಂಸ್ಥೆಯು ದೇಶದ ರಕ್ತನಿಧಿಗಳ ಸಮೀಕ್ಷೆ ನಡೆಸಿ 1990ರಲ್ಲಿ ವರದಿ ಕೊಟ್ಟಿತು. ಎಣಿಕೆಗೆ ಸಿಕ್ಕ 1,018 ರಕ್ತನಿಧಿಗಳಲ್ಲಿ 616ಕ್ಕೆ ಪರವಾನಗಿಯೇ ಇರಲಿಲ್ಲ! ಹೊಟ್ಟೆಪಾಡಿಗಾಗಿ ಪದೇ ಪದೇ ರಕ್ತ ಮಾರುವ ಬಡವರು, ರೋಗಿಗಳು, ನಡುವೆ ದಲ್ಲಾಳಿಗಳು – ಇದು ಅಂದಿನ ಚಿತ್ರ. ವೈದ್ಯರ ಬದಲು ಲೆಕ್ಕಿಗರು ಈ ಸಂಗತಿಯನ್ನು ಹೊರತಂದರೆಂಬುದು ವಾಣಿಜ್ಯ ಓದಿದ ನನ್ನಂತಹವನಿಗೆ ಸ್ವಲ್ಪ ಹೆಮ್ಮೆಯ ಮಾತು. ಈ ವರದಿಯ ಆಧಾರದಲ್ಲಿ ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಜನವರಿ 4ರಂದು ತೀರ್ಪಿತ್ತು, ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತನ್ನು ಸ್ಥಾಪಿಸಬೇಕೆಂದೂ ರಕ್ತ ಮಾರುವ ವೃತ್ತಿಯನ್ನು ನಿಲ್ಲಿಸಬೇಕೆಂದೂ ಆದೇಶಿಸಿತು. 1998ರ ಜನವರಿ 1ರಿಂದ ಮಾರಾಟದ ರಕ್ತಕ್ಕೆ ನಿಷೇಧ ಬಂದಿತು. ಶಿಬಿರಗಳಿಗೆ ಇಂದಿನ ಮಹತ್ತ್ವ ದೊರೆತುದು ಆ ನಿಷೇಧದಿಂದ ತೆರವಾದ ಸ್ಥಾನವನ್ನು ತುಂಬಬೇಕಾಗಿ ಬಂದುದರಿಂದಲೇ. ನಮ್ಮ ಯುವಕರು ಮುಂದೆ ಬಂದು ಆ ಸ್ಥಾನವನ್ನು ತುಂಬಿದುದು ನಿಜಕ್ಕೂ ಶ್ಲಾಘನೀಯ.

ಆದರೆ ಶ್ಲಾಘನೆಯ ಬೆನ್ನಲ್ಲೇ ದಾಖಲೆಯ ಮೋಹವೂ ಬಂದಿತು. ಅಖಿಲ ಭಾರತೀಯ ತೇರಾಪಂಥ ಯುವಕ ಪರಿಷತ್ತು 2012ರ ಸೆಪ್ಟೆಂಬರ್ 17ರಂದು ದೇಶಾದ್ಯಂತ ಒಂದೇ ದಿನ ಶಿಬಿರಗಳನ್ನು ನಡೆಸಿತು. 2014ರ ಸೆಪ್ಟೆಂಬರ್ 6ರಂದು ಅದೇ ಸಂಸ್ಥೆಯ ಶಿಬಿರಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಯೂನಿಟ್ ಸಂಗ್ರಹವಾಗಿ ಗಿನ್ನೆಸ್ ದಾಖಲೆಗೆ ಸೇರಿತು. 2022ರಲ್ಲಿ ಕೇಂದ್ರ ಸರ್ಕಾರವೇ ಸೆಪ್ಟೆಂಬರ್ 17ರಿಂದ ‘ರಕ್ತದಾನ ಅಮೃತ ಮಹೋತ್ಸವ’ವನ್ನು ನಡೆಸಿತು. ಅದು ಹದಿನೈದು ದಿನಗಳಿಗೆ ಹರಡಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಇಷ್ಟು ಜನರನ್ನು ಒಂದು ಸತ್ಕಾರ್ಯಕ್ಕೆ ಕೂಡಿಸಿದ ಸಂಘಟನಾಶಕ್ತಿಯನ್ನು ನಾನು ಕಡೆಗಣಿಸಲಾರೆ. ನನ್ನ ಆಕ್ಷೇಪವಿರುವುದು ಎಣಿಕೆಯ ರೀತಿಯ ಬಗ್ಗೆ. ಆಚರಣೆಯಾದುದೆಲ್ಲ ತೆಗೆದ ರಕ್ತದ ಸಂಖ್ಯೆಯೇ.

ರಕ್ತವು ಗೋದಾಮಿನಲ್ಲಿ ವರ್ಷಗಟ್ಟಲೆ ಇಡಬಹುದಾದ ಸರಕಲ್ಲ. ಕೆಂಪು ಕಣಗಳು, ಬಳಸುವ ಸಂರಕ್ಷಕ ದ್ರಾವಣವನ್ನು ಅನುಸರಿಸಿ, 35 ಅಥವಾ 42 ದಿನ ಬಾಳುತ್ತವೆ. ಡೆಂಗಿ ಜ್ವರದ ಕಾಲದಲ್ಲಿ ಜನ ಹುಡುಕಾಡುವ ಪ್ಲೇಟ್‌ಲೆಟ್‌ಗಳ ಆಯುಸ್ಸು ಐದೇ ದಿನ. ಅವನ್ನು ಬೇರ್ಪಡಿಸುವ ಕೆಲಸವೂ ರಕ್ತ ತೆಗೆದ ಕೆಲವೇ ಗಂಟೆಗಳೊಳಗೆ ಆಗಬೇಕು. ಪ್ಲಾಸ್ಮಾ ಮಾತ್ರ ಹೆಪ್ಪುಗಟ್ಟಿಸಿದರೆ ಒಂದು ವರ್ಷ ಉಳಿಯುತ್ತದೆ. ಬೇಡಿಕೆಯಾದರೋ ದಿನನಿತ್ಯದ್ದು. ಥಲಸ್ಸೇಮಿಯ ಪೀಡಿತ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕು, ಅದೂ ಬದುಕಿರುವವರೆಗೆ. ಬಾಣಂತಿಯ ರಕ್ತಸ್ರಾವ ಪರ್ವದಿನಕ್ಕಾಗಿ ಕಾಯುವುದಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ಅಪಘಾತವಾದವರಿಗೂ ಆ ಕ್ಷಣಕ್ಕೇ ರಕ್ತ ಬೇಕು.

2017ರಲ್ಲಿ ಮಾಹಿತಿ ಹಕ್ಕಿನ ಅಡಿಯಲ್ಲಿ ಬೆಳಕಿಗೆ ಬಂದ ಅಂಕಿಗಳಂತೆ, ಅದರ ಹಿಂದಿನ ಐದು ವರ್ಷಗಳಲ್ಲಿ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಯೂನಿಟ್ ರಕ್ತ ಮತ್ತು ರಕ್ತಘಟಕಗಳು ಚೆಲ್ಲಿಹೋದುವು. ಹೆಚ್ಚು ಚೆಲ್ಲಿದ ರಾಜ್ಯಗಳ ಸಾಲಿನಲ್ಲಿ ಮಹಾರಾಷ್ಟ್ರ, ಉತ್ತರ ಪ್ರದೇಶಗಳೊಂದಿಗೆ ಕರ್ನಾಟಕವೂ ಇತ್ತು. ಸೋಂಕು ಕಂಡುಬಂದ ರಕ್ತವನ್ನು ನಾಶಮಾಡುವುದು ಕರ್ತವ್ಯವೇ ಸರಿ, ಅದನ್ನು ಅಪವ್ಯಯವೆನ್ನಲಾಗದು. ಆದರೆ ಅವಧಿ ಮೀರಿದ್ದರಿಂದ ಚೆಲ್ಲಿದ ಭಾಗ? ಒಬ್ಬನ ಶರೀರದಿಂದ ತೆಗೆದು, ಇನ್ನೊಬ್ಬನಿಗೆ ಮುಟ್ಟಿಸದೆ ಹಾಳುಮಾಡಿದ ರಕ್ತವನ್ನು ಅಪರಿಗ್ರಹವನ್ನು ನಂಬಿದವರು ಏನೆಂದು ಕರೆಯಬೇಕು? ಬಳಕೆಯ ಅಗತ್ಯವನ್ನು ಮೀರಿ ಕೂಡಿಡುವುದು ಪರಿಗ್ರಹವೇ ಆಗಿದ್ದರೆ, ಶಿಬಿರದ ಸಂಖ್ಯೆಗಾಗಿ ಕೂಡಿಸಿದ್ದೂ ಅದರೊಳಗೇ ಸೇರುತ್ತದೆಂದು ನನ್ನ ಅಭಿಪ್ರಾಯ.

ಒಂದೇ ದಿನದ ಶಿಬಿರದಿಂದ ಇನ್ನೊಂದು ನಷ್ಟವಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ನಿಯಮದಂತೆ ಪುರುಷರು ಒಮ್ಮೆ ರಕ್ತ ಕೊಟ್ಟ ಮೇಲೆ 90 ದಿನ, ಸ್ತ್ರೀಯರು 120 ದಿನ ಮತ್ತೆ ಕೊಡುವಂತಿಲ್ಲ. ಸೆಪ್ಟೆಂಬರ್ 17ರಂದು ಊರಿನ ದಾನಿಗಳೆಲ್ಲರೂ ಕೊಟ್ಟರೆಂದು ಇಟ್ಟುಕೊಳ್ಳಿ. ಪುರುಷರು ಡಿಸೆಂಬರ್ 16ರವರೆಗೆ, ಸ್ತ್ರೀಯರು ಜನವರಿ 15ರವರೆಗೆ ಒಟ್ಟಾಗಿ ಅನರ್ಹರು. ಆ ಸಂಗ್ರಹದ ಕೆಂಪು ಕಣಗಳೆಲ್ಲ ಅಕ್ಟೋಬರ್ ಮುಗಿಯುವಷ್ಟರಲ್ಲಿ ಬಳಕೆಯಾಗಿರುತ್ತವೆ ಇಲ್ಲವೇ ನಾಶವಾಗಿರುತ್ತವೆ. ದೀಪಾವಳಿಯಿಂದ ಡಿಸೆಂಬರ್ ಮಧ್ಯದವರೆಗೆ ಊರಿನಲ್ಲಿ ಕೊಡಬಲ್ಲವರೇ ಇಲ್ಲದಂತಾಗುತ್ತದೆ. ಇಡೀ ದಾಸ್ತಾನನ್ನು ಒಂದೇ ದಿನ ಖಾಲಿಮಾಡಿ ಮೂರು ತಿಂಗಳು ಬಾಗಿಲು ಹಾಕುವ ವ್ಯಾಪಾರಿಯನ್ನು ನಾವು ಬುದ್ಧಿವಂತನೆನ್ನುವೆವೇ?

ಪರ್ಯುಷಣದ ಶಿಬಿರಗಳ ಬಗ್ಗೆ ಇನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. 2017ರಲ್ಲಿ ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತು ಹೊರಡಿಸಿದ ದಾನಿ ಆಯ್ಕೆಯ ಮಾರ್ಗಸೂಚಿಯು ಉಪವಾಸದಲ್ಲಿರುವವರು ರಕ್ತ ಕೊಡಬಾರದೆಂದು ಹೇಳುತ್ತದೆ. ಅಠಾಯಿ ಹಿಡಿದವರೂ ಏಕಾಶನ ಮಾಡುವವರೂ ತುಂಬಿರುವ ಮಂಟಪದಲ್ಲಿ ಆ ದಿನಗಳಲ್ಲೇ ಶಿಬಿರ ಇಡುವುದು ಯಾವ ವಿವೇಕ? ತಪಸ್ಸು ತಪಸ್ಸಿನ ದಿನ, ದಾನ ದಾನದ ದಿನ. ಮಹಾವೀರ ಜಯಂತಿಯ ಮಾತು ಬೇರೆ. ಬೇಸಗೆ ಆರಂಭವಾಗಿ, ಕಾಲೇಜುಗಳಲ್ಲಿ ಪರೀಕ್ಷೆ ಹತ್ತಿರವಾಗಿ, ರಕ್ತನಿಧಿಗಳಲ್ಲಿ ಕೊರತೆ ತಲೆದೋರುವ ಹೊತ್ತಿಗೆ ಅದು ಬರುವುದರಿಂದ ಆ ಶಿಬಿರವನ್ನು ಉಳಿಸಿಕೊಳ್ಳಬೇಕು. ಆ ದಿನವೂ ಉಪವಾಸವಿರುವವರನ್ನು ವಿನಯದಿಂದ ಹಿಂದಕ್ಕೆ ಕಳುಹಿಸಬೇಕು. ಹಿಮೋಗ್ಲೋಬಿನ್ 12.5 ಗ್ರಾಂ ಇಲ್ಲದೆ, 45 ಕಿಲೋ ತೂಕವಿಲ್ಲದೆ ಹಿಂದಿರುಗುವ ನಮ್ಮ ಹೆಣ್ಣುಮಕ್ಕಳಿಗೆ ಶಿಬಿರದಲ್ಲಿ ಒಂದು ಚೀಟಿಯನ್ನಾದರೂ ಕೊಟ್ಟು ವೈದ್ಯರಲ್ಲಿಗೆ ಕಳುಹಿಸಿದರೆ, ರಕ್ತಹೀನತೆಯ ಪತ್ತೆಯೂ ಒಂದು ಔಷಧದಾನವಾದೀತು. ಈಗ ಅವರು ಅವಮಾನವಾದಂತೆ ಮುಖ ಬಾಡಿಸಿಕೊಂಡು ಹೋಗುತ್ತಾರೆ.

ಇನ್ನು ಪಾತ್ರದ ವಿಚಾರ. ಕೆಲವು ವರ್ಷಗಳ ಹಿಂದೆ ನನ್ನ ಅಂಗಡಿಯ ಗುಮಾಸ್ತರ ಮಗಳ ಹೆರಿಗೆಯ ವೇಳೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯವರು, ಎರಡು ಯೂನಿಟ್ ಕೊಡಬೇಕಾದರೆ ಬದಲಿಗೆ ಇಬ್ಬರನ್ನು ಕರೆತರಬೇಕೆಂದು ಪಟ್ಟುಹಿಡಿದರು. ರಾತ್ರಿ ಹತ್ತು ಗಂಟೆಗೆ ಹಳ್ಳಿಯಿಂದ ಯಾರನ್ನು ಕರೆತರುವುದು? ಕೊನೆಗೆ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನಿಗೆ ಹಣ ಕೊಟ್ಟು ‘ಸೋದರಮಾವ’ನೆಂದು ಬರೆಸಿದರಂತೆ. ಬದಲಿ ದಾನಿಯನ್ನು ಒತ್ತಾಯಿಸುವ ಈ ಪದ್ಧತಿ, 1998ರಲ್ಲಿ ಮುಂಬಾಗಿಲಿನಿಂದ ಹೊರಹಾಕಿದ ಮಾರಾಟವನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಡುತ್ತದೆ. 2002ರ ರಾಷ್ಟ್ರೀಯ ರಕ್ತನೀತಿ ಇದನ್ನು ಕ್ರಮೇಣ ನಿಲ್ಲಿಸಬೇಕೆಂದಿದ್ದರೂ ನಿಂತಿಲ್ಲ. ರಕ್ತಕ್ಕೆ ಬೆಲೆಯಿಲ್ಲ, ಸಂಸ್ಕರಣೆಯ ವೆಚ್ಚವನ್ನಷ್ಟೇ ಪಡೆಯಬಹುದು. 2022ರ ಪರಿಷ್ಕರಣೆಯಂತೆ ಪೂರ್ಣ ರಕ್ತದ ಯೂನಿಟ್ಟಿಗೆ ಸರ್ಕಾರಿ ಕೇಂದ್ರಗಳಲ್ಲಿ 1,100, ಖಾಸಗಿಯವುಗಳಲ್ಲಿ 1,550 ರೂಪಾಯಿ ಮಿತಿ. ಇದನ್ನು ನಮ್ಮ ಬಸದಿ, ಸ್ಥಾನಕಗಳ ಸೂಚನಾಫಲಕದಲ್ಲಿ ಬರೆದು ಹಾಕಿದರೆ ಎಷ್ಟೋ ಬಡ ಮನೆಗಳಿಗೆ ಅನುಕೂಲ.

ನಮ್ಮವರಲ್ಲಿ ಇನ್ನೊಂದು ವಿಚಿತ್ರ ಬೇಡಿಕೆಯೂ ಕೇಳಿಬರುತ್ತದೆ. ತಮ್ಮವರಿಗೆ ಸಸ್ಯಾಹಾರಿಯ ರಕ್ತವೇ ಬೇಕು, ಸಾಧ್ಯವಾದರೆ ಮನೆತನದವರದೇ ಆಗಲಿ ಎಂದು! ರಕ್ತಕಣಕ್ಕೆ ಗುಂಪಿದೆ, ಪಂಥವಿಲ್ಲ. ತೀರ ಹತ್ತಿರದ ರಕ್ತಸಂಬಂಧಿಯ ರಕ್ತವನ್ನು ವಿಕಿರಣ ಸಂಸ್ಕಾರವಿಲ್ಲದೆ ಏರಿಸಿದರೆ, ಅಪರೂಪಕ್ಕಾದರೂ, ದಾನಿಯ ಬಿಳಿ ಕಣಗಳು ರೋಗಿಯ ಶರೀರದ ಮೇಲೆಯೇ ತಿರುಗಿಬಿದ್ದು ಪ್ರಾಣಾಪಾಯವಾಗಬಹುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮ ಶಾಸ್ತ್ರಕಾರರು ಸುಪಾತ್ರದಾನದ ಜೊತೆಗೆ ಅನುಕಂಪಾದಾನವನ್ನೂ ಹೇಳಿದ್ದಾರೆ. ಅಲ್ಲಿ ಪಡೆಯುವವನ ಕುಲ, ಮತ, ಆಹಾರಗಳ ವಿಚಾರಣೆ ಇಲ್ಲ, ಅವನ ದುಃಖವೊಂದೇ ಅರ್ಹತೆ. ಕೊಟ್ಟವನಿಗೆ ಪಡೆದವನ ಗುರುತಿಲ್ಲದ ರಕ್ತದಾನಕ್ಕಿಂತ ಇದಕ್ಕೆ ಹೆಚ್ಚು ಹೊಂದುವ ದಾನ ಬೇರೆ ಯಾವುದಿದೆ? ಸಮಾಜದವರಿಗೆ ಮಾತ್ರವೆಂದು ದಾನಿಗಳ ಪಟ್ಟಿ ಅಚ್ಚುಮಾಡಿಸುವವರು ಇದನ್ನು ಯೋಚಿಸಬೇಕು. ಬೆಳ್ಳಿಯ ನಾಣ್ಯ ಹಂಚುವವರಿಗೂ ಒಂದು ಮಾತು: ಹಾಲು, ಹಣ್ಣು, ಒಂದು ಪ್ರಮಾಣಪತ್ರ ಸಾಕು, ಹಣವಾಗಿ ಮಾರ್ಪಡಿಸಬಹುದಾದ ಉಡುಗೊರೆ ದಾನವನ್ನು ವಿಕ್ರಯದ ಸಮೀಪಕ್ಕೆ ತರುತ್ತದೆ.

ಹಾಗಾದರೆ ಏನು ಮಾಡಬೇಕು? 2007ರಲ್ಲಿ ರಚನೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಪಡೆದ ನಮ್ಮ ಜಿಲ್ಲೆಯಲ್ಲಿ ನಾಲ್ಕು ಪಟ್ಟಣಗಳಿರುವುದೇ ಒಂದು ಅನುಕೂಲ. ಜನವರಿಯಲ್ಲಿ ರಾಮನಗರ, ಫೆಬ್ರವರಿಯಲ್ಲಿ ಚನ್ನಪಟ್ಟಣ, ಮಾರ್ಚಿಯಲ್ಲಿ ಕನಕಪುರ, ಏಪ್ರಿಲ್‌ನಲ್ಲಿ ಮಾಗಡಿ. ಮೇ ತಿಂಗಳಲ್ಲಿ ಮತ್ತೆ ರಾಮನಗರ. ಜನವರಿ 1ರಿಂದ ಮೇ 1ಕ್ಕೆ ಸರಿಯಾಗಿ 120 ದಿನ. ಸ್ತ್ರೀಯರಿಗೆ ವಿಧಿಸಿದ ಅಂತರವೂ ಇದರಲ್ಲಿ ತಾನಾಗಿ ಪಾಲನೆಯಾಗುತ್ತದೆ. ಒಂದೊಂದು ಊರಿಗೆ ವರ್ಷದಲ್ಲಿ ಮೂರು ಸರದಿ, ಒಂದೊಂದು ಸರದಿಗೆ ಇಪ್ಪತ್ತೇ ಜನ ಬಂದರೂ ವರ್ಷಕ್ಕೆ 240 ಯೂನಿಟ್. ಯಾವ ದಾಖಲೆಯ ಪುಸ್ತಕಕ್ಕೂ ಇದು ಸೇರದು, ಆದರೆ ಯಾವ ತಿಂಗಳೂ ಬರಿದಾಗದು. ಮಹಾವೀರ ಜಯಂತಿ ಯಾವ ಊರಿನ ಸರದಿಯ ತಿಂಗಳಲ್ಲಿ ಬರುವುದೋ ಆ ಊರಿನ ಶಿಬಿರ ಆ ದಿನವೇ ನಡೆಯಲಿ. ಆಹ್ವಾನಿಸುವ ರಕ್ತ ಕೇಂದ್ರಕ್ಕೆ ಪರವಾನಗಿ ಇದೆಯೇ, ರಕ್ತಘಟಕಗಳನ್ನು ಬೇರ್ಪಡಿಸುವ ವ್ಯವಸ್ಥೆ ಇದೆಯೇ ಎಂದು ಟ್ರಸ್ಟಿನ ಕಾರ್ಯದರ್ಶಿಗಳು ಮೊದಲೇ ವಿಚಾರಿಸಬೇಕು. 2016ರಲ್ಲಿ ಆರಂಭವಾದ ಇ-ರಕ್ತಕೋಶದಲ್ಲಿ ಆಯಾ ಕೇಂದ್ರದ ದಾಸ್ತಾನನ್ನು ನೋಡಬಹುದು. ದಾಸ್ತಾನು ತುಂಬಿದ್ದರೆ ಶಿಬಿರವನ್ನು ಹದಿನೈದು ದಿನ ಮುಂದೂಡಲು ಸಂಕೋಚ ಬೇಡ, ಆಮಂತ್ರಣ ಪತ್ರಿಕೆ ಅಚ್ಚಾಗಿದ್ದರೂ ಸಹ.

ಶಿಬಿರ ಮುಗಿದ ಐವತ್ತನೆಯ ದಿನ ಆ ಕೇಂದ್ರಕ್ಕೆ ಒಂದು ಪತ್ರ ಬರೆದು, ತೆಗೆದುಕೊಂಡುದೆಷ್ಟು, ರೋಗಿಗಳಿಗೆ ಏರಿಸಿದುದೆಷ್ಟು, ಸೋಂಕಿನ ಕಾರಣ ನಾಶಮಾಡಿದುದೆಷ್ಟು, ಅವಧಿ ಮೀರಿದುದೆಷ್ಟು ಎಂಬ ನಾಲ್ಕು ಅಂಕಿಗಳನ್ನು ಕೇಳಿ ಪಡೆಯಬೇಕು. ಅವನ್ನು ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ಆಯವ್ಯಯದ ಪಕ್ಕದಲ್ಲಿಯೇ ಅಚ್ಚುಹಾಕಬೇಕು. ಈಚೆಗೆ ತಾಲ್ಲೂಕಾಗಿರುವ ಹಾರೋಹಳ್ಳಿಯವರು ಸದ್ಯಕ್ಕೆ ಕನಕಪುರದ ಸರದಿಯಲ್ಲಿಯೇ ಸೇರಿಕೊಳ್ಳಬಹುದು.